ಕಿವಿ ಮೇಸ್ತ್ರಿ

"ಇನ್ನೊಂದ್ ಸಲ ನುಡಿಸ್ತೀನಿ, ಕೇಳು," ಎಂದು ಗಂಡ ಗಿಟಾರಿನ ತಂತಿಗಳ ಮೇಲೆ ಬೆರಳಾಡಿಸಿದ. ಆಡಿಸಿದವನು ಆಂಪ್ಲಿಫೈಯರಿನ ಕಡೆ ನೋಡಲಿಲ್ಲ, ಅವಳ ಮುಖ ನೋಡಿದ.

ಮೊಳಕಾಲೆತ್ತರದ ಆ ಕಪ್ಪು ಪೆಟ್ಟಿಗೆಯಿಂದ ಬಂದ ದನಿ ಅವಳಿಗೆ ಕೊಂಚ ಒಡಕು ಅನ್ನಿಸಿತು. ಹುಬ್ಬು ಗಂಟಾಗಿತ್ತೋ ಏನೋ. ಅವನು ತಕ್ಷಣ ತಲೆಯಲ್ಲಾಡಿಸಿದ. "ಊಹೂಂ. ಒಡೀತಿದೆ ಇದು."

"ಏನ್ ಕಿವಿ ಸಾರ್ ನಿಮ್ದು!" ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡ. ಐವತ್ತು ದಾಟಿದ, ಬೆರಳ ತುದಿಗಳಲ್ಲಿ ಬೆಸುಗೆಯ ಕಲೆಗಳಿದ್ದ, ಬಾಯಿ ಸುಮ್ಮನಿರದ ಮನುಷ್ಯ. "ನೀವ್ ಕೇಳ್ತಿರೋದೂ ಕಷ್ಟದ್ದೇ ಬಿಡಿ. ಮನೇಲಿ ಪಕ್ಕದವರಿಗೆ ಗೊತ್ತಾಗಬಾರದು, ಗೆಳೆಯರು ಡ್ರಮ್ ಹಿಡ್ಕೊಂಡು ಬಂದಾಗ ಅಡಗಬಾರದು. ಅತ್ತೆ ಮುಂದೆ ಒಂದು ದನಿ, ಗಂಡನ ಮುಂದೆ ಇನ್ನೊಂದು ದನಿ ಇರೋ ಸೊಸೇನೇ ಬೇಕು ಅಂದಹಾಗಾಯ್ತು."

ಗಂಡ ಜೋರಾಗಿ ನಕ್ಕ. ಅವಳು ನಕ್ಕಮೇಲೆ ನಕ್ಕ.

ಶನಿವಾರ ಅವನಿಗೆ ಅರ್ಧ ದಿನ. ಕಾರ್ಖಾನೆಯಿಂದ ನೇರ ಇಲ್ಲಿಗೇ ಬಂದಿದ್ದ. ಅಂಗಿಯ ಜೇಬಿನಲ್ಲಿ ಸಹಿ ಹಾಕುವ ಪೆನ್ನು ಇನ್ನೂ ಇತ್ತು. ಲಿಫ್ಟುಗಳನ್ನು ಎಳೆಯುವ ಮೋಟಾರು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನಿಗೆ ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ. ತಿರುಗುತ್ತಿರುವ ಮೋಟಾರಿಗೆ ಉದ್ದದ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಒಳಗಿನ ಬೇರಿಂಗು ನೆಟ್ಟಗಿದೆಯೇ ಎಂದು ಹೇಳುವುದು. ನೆಟ್ಟಗಿಲ್ಲದ್ದು ಮೊದಮೊದಲು ತೀರ ಸಣ್ಣಗೆ, ತೀರ ಕೀಚಲಾಗಿ ಅಳುತ್ತದಂತೆ. ಅವನ ಸಹಿಯಿಲ್ಲದೆ ಯಾವ ಮೋಟಾರೂ ಗೇಟು ದಾಟುವುದಿಲ್ಲ. ಅಲ್ಲಿನವರು ಅವನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು 'ಕಿವಿ ಮೇಸ್ತ್ರಿ' ಎನ್ನುತ್ತಿದ್ದರು.

ಈಚೆಗೆ ಮನೆಯ ಕರೆಗಂಟೆ ಬಾರಿಸಿದರೆ ಅವನು ಏಳುತ್ತಿರಲಿಲ್ಲ. ದಣಿವು ಎಂದುಕೊಂಡಿದ್ದಳು. ಗಿಟಾರಿನ ಸದ್ದು ಜಾಸ್ತಿಯಾಯಿತೆಂದು ಪಕ್ಕದ ಮನೆಯವರು ಎರಡು ಬಾರಿ ಗೋಡೆ ಕುಟ್ಟಿದ್ದರು. ಹುಮ್ಮಸ್ಸು ಎಂದುಕೊಂಡಿದ್ದಳು. ಯಾವುದಕ್ಕಾದರೂ ಒಂದು ಒಳ್ಳೆಯ ಹೆಸರು ಹುಡುಕಿ ಇಡುವುದರಲ್ಲಿ ಅವಳು ಗಟ್ಟಿಗಿತ್ತಿ.

"ಇದನ್ನ ನೋಡಿ ಸಾರ್," ಎಂದು ಅಂಗಡಿಯವನು ವಯರು ಕಿತ್ತು ಪಕ್ಕದ ಪೆಟ್ಟಿಗೆಗೆ ಸಿಕ್ಕಿಸಿ, ಸ್ವಿಚ್ಚು ಒತ್ತಿ, ಫೋನು ತೆಗೆದುಕೊಳ್ಳಲು ಕೌಂಟರಿನತ್ತ ಹೋದ. ಅದೇ ಹೊತ್ತಿಗೆ ಅವಳ ಕೊಡೆ ಜಾರಿ ಪೆಟ್ಟಿಗೆಗಳ ಸಂದಿಗೆ ಬಿತ್ತು. ಅವರಿಬ್ಬರಿಗೂ ಬೆನ್ನು ಮಾಡಿ ಅವಳು ಬಗ್ಗಿದಳು.

ಸೂಜಿಯಂಥ ಒಂದು ಸಿಳ್ಳೆ ಕಿವಿಯೊಳಗೆ ಹೊಕ್ಕಿತು. ಅವಳ ಹಲ್ಲುಗಳೆಲ್ಲ ಜುಮ್ಮೆಂದವು. ಆ ಸಿಳ್ಳೆಯ ಕೆಳಗೆಲ್ಲೋ ಗಿಟಾರು ನುಡಿಯಿತು, ನಿಂತಿತು. ಸಿಳ್ಳೆ ನಿಲ್ಲಲಿಲ್ಲ.

"ಆಹಾ!" ಬೆನ್ನ ಹಿಂದೆ ಗಂಡನ ದನಿ. "ಇದು ನೋಡಿ ಮಾತು ಅಂದ್ರೆ. ಇಷ್ಟೊತ್ತು ಕೇಳಿದ್ರಲ್ಲಿ ಇದರಷ್ಟು ಸ್ವಚ್ಛವಾದ್ದು ಒಂದೂ ಇರ್ಲಿಲ್ಲ."

ಅಂಗಡಿಯವನು ಓಡಿಬಂದು ಸ್ವಿಚ್ಚು ಆರಿಸಿದ. "ಅಯ್ಯಯ್ಯೋ, ಇದು ರಿಪೇರಿಗೆ ಬಂದಿರೋದು! ಕೈತಪ್ಪಿ ಇದಕ್ಕೆ ಸಿಕ್ಸಿಬಿಟ್ಟೆ. ಸ್ವಚ್ಛ ಅಂತೆ! ಸಾರ್ ಒಳ್ಳೇ ಕಾಲೆಳೀತಾರೆ ಮೇಡಂ, ಇವರ ಜೊತೆ ಹೇಗ್ ಬಾಳ್ತೀರಿ?"

ಅವಳು ಕೊಡೆ ಹಿಡಿದು ಎದ್ದು ತಿರುಗಿದಳು. ಗಂಡ ಅಂಗಡಿಯವನ ಮುಖ ನೋಡಿದ, ಅವಳ ಮುಖ ನೋಡಿದ, ಆಮೇಲೆ ನಕ್ಕ. "ಮತ್ತೆ? ನೀವ್ ಸಿಕ್ಸಿದ್ರೆ ನಾನು ಸುಮ್ನೆ ಬಿಡ್ತೀನಾ?"

"ತಾಳಿ, ಒಳಗೊಂದಿದೆ. ಬಿಚ್ಚಿ ತರ್ತೀನಿ," ಎಂದು ಅಂಗಡಿಯವನು ಹಿಂದಿನ ಕೋಣೆಗೆ ಹೋದ.

"ಕೇಳ್ಲಿಲ್ಲ ಅಲ್ವಾ?" ಅವಳು ಮೆಲ್ಲಗೆ ಅಂದಳು.

"ಏನ್ ಕೇಳ್ಬೇಕಿತ್ತು? ರೇಟು ತಾನೆ, ಕೊನೇಲಿ ಕೇಳಿದ್ರಾಯ್ತು."

'ಕೇಳು' ಎಂಬುದು ಕಿವಿಗೂ ಬಾಯಿಗೂ ಒಂದೇ ಮಾತು. ಅದರ ಎರಡು ಬಾಗಿಲುಗಳಲ್ಲಿ ಅವನು ಬೇಕೆಂದೇ ತಪ್ಪು ಬಾಗಿಲಿನಿಂದ ಹೊರಬಿದ್ದಿದ್ದ.

"ರೇಟಲ್ಲ. ಸಿಳ್ಳೆ."

"ಕೇಳ್ತಪ್ಪಾ. ತಮಾಷೆ ಮಾಡ್ದೆ ಅಂದ್ನಲ್ಲ."

ಅವಳು ರಿಪೇರಿಯ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅಡ್ಡವಾಗಿ ಕೂತಿದ್ದರಿಂದ ಸ್ವಿಚ್ಚು ಅವನಿಗೆ ಕಾಣುತ್ತಿರಲಿಲ್ಲ. ಅದನ್ನು ಒತ್ತಿ, ಕೆಂಪು ದೀಪದ ಮೇಲೆ ಅಂಗೈ ಮುಚ್ಚಿದಳು. ಸೂಜಿ ಮತ್ತೆ ಕಿವಿಗಿಳಿಯಿತು. ಹಲ್ಲು ಕಚ್ಚಲಿಲ್ಲ. ಹುಬ್ಬು ಅಲುಗದಂತೆ ನೋಡಿಕೊಂಡು ಅವನತ್ತ ತಿರುಗಿದಳು.

"ಹೇಳಿ. ಆನ್ ಇದ್ಯಾ, ಆಫ್ ಇದ್ಯಾ?"

ಅವನು ಅವಳ ಮುಖ ನೋಡಿದ. ಕಣ್ಣು, ಹುಬ್ಬು, ತುಟಿ, ಮತ್ತೆ ಕಣ್ಣು. ಅಂಗಡಿಗೆ ಬಂದಾಗಿನಿಂದ ಐದು ಪೆಟ್ಟಿಗೆ ನುಡಿಸಿದ್ದ, ಐದೂ ಸಲ ಹೀಗೆಯೇ ನೋಡಿದ್ದ. ತನ್ನ ಅಭಿಪ್ರಾಯಕ್ಕೆ ಇಷ್ಟು ಬೆಲೆಯೇ ಎಂದು ಅವಳು ಒಳಗೊಳಗೇ ಹಿಗ್ಗಿದ್ದಳು.

"ಆಫ್," ಎಂದ.

ಅವಳು ಅಂಗೈ ತೆಗೆದಳು. ದೀಪ ಕೆಂಪಗೆ ಉರಿಯುತ್ತಿತ್ತು.

"ಆರ್ಸ್ರೀ ಅದನ್ನ, ನನ್ ತಲೆ ಒಡೀತಿದೆ!" ಒಳಕೋಣೆಯಿಂದ ಅಂಗಡಿಯವನು ಕೂಗಿದ. ಅವಳು ಆರಿಸಿದಳು.

"ಯಾವಾಗಿಂದ?"

"ಎರಡು ವರ್ಷ ಆಗಿರ್ಬೇಕು." ಅವನು ಗಿಟಾರಿನ ಪಟ್ಟಿ ಸರಿಮಾಡುತ್ತಿದ್ದ. "ಮಾತು ಕೇಳತ್ತೆ. ಗಿಟಾರೂ ಕೇಳತ್ತೆ. ಸಣ್ಣ ಸದ್ದುಗಳು ಮಾತ್ರ... ಒಂದೊಂದಾಗಿ ಹೋದ್ವು."

"ಮೋಟಾರು?"

"ಅಂಗೈ ಇಟ್ರೆ ಗೊತ್ತಾಗತ್ತೆ. ನಡುಕ ಸಿಗತ್ತೆ."

"ಯಾವಾಗ್ಲೂ?"

ಅವನು ಪಟ್ಟಿಯ ಕೊಂಡಿ ಬಿಚ್ಚಿ ಮತ್ತೆ ಹಾಕಿದ.

"ಇವತ್ತು ಎಷ್ಟಕ್ಕೆ ಸಹಿ ಹಾಕಿದ್ರಿ?"

"ಮೂರು." ಸ್ವಲ್ಪ ತಡೆದು, "ಎರಡು ಚೆನ್ನಾಗಿವೆ," ಎಂದ.

"ಮೂರನೇದು?"

"ಅದೂ ಸರಿಯಾಗೇ ಇರ್ಬೇಕು. ಅಂಗೈಗೆ ಏನೂ ಹತ್ಲಿಲ್ಲ. ಆದ್ರೆ ಪಕ್ಕದಲ್ಲಿದ್ದೋನು ಯಾಕೋ ಎರಡು ಸಲ ತಿರುಗಿ ನೋಡ್ದ."

"ಎಲ್ಲಿಗೆ ಹೋಗತ್ತೆ ಅದು?"

"ಆಸ್ಪತ್ರೆಗೆ. ಮೂರು ಗಂಟೆ ಲಾರಿ."

ಕೌಂಟರಿನ ಮೇಲಿನ ಗಡಿಯಾರದಲ್ಲಿ ಮೂರಕ್ಕೆ ಹನ್ನೆರಡು ನಿಮಿಷವಿತ್ತು. ಲಿಫ್ಟಿನಲ್ಲಿ ತಳ್ಳುಗಾಡಿ, ಅದರ ಮೇಲೊಬ್ಬರು, ಪಕ್ಕದಲ್ಲಿ ಸೀಸೆ ಎತ್ತಿ ಹಿಡಿದ ನರ್ಸು, ಎರಡು ಮಹಡಿಗಳ ನಡುವೆ. ಅವಳ ತಲೆ ಇಂಥದ್ದನ್ನೆಲ್ಲ ಯಾರೂ ಕೇಳದೆಯೇ ಚಿತ್ರ ಬರೆದು ತೋರಿಸುತ್ತದೆ. ಇಂದು ಅದನ್ನು ಸುಮ್ಮನಿರು ಎಂದು ಗದರಲಿಲ್ಲ.

"ಫೋನ್ ಮಾಡಿ."

"ಕೆಲಸ ಹೋಗತ್ತೆ ಕಣೇ."

"ಗೊತ್ತು."

"ಕಿವುಡ ಮೇಸ್ತ್ರಿ ಅಂತಾರೆ." ನಗಲು ನೋಡಿದ, ಆಗಲಿಲ್ಲ. "ಎರಡು ವರ್ಷದಲ್ಲಿ ನೀನೂ ಒಂದ್ ದಿನ ಕೇಳ್ಲಿಲ್ಲ."

"ನಿಮಗೆ ಕೇಳ್ತಿಲ್ವಾ ಅಂತ ನಾನು ಹೇಗ್ರೀ ಕೇಳ್ಲಿ?" ಅವಳ ದನಿ ಎತ್ತರಕ್ಕೆ ಹೋಗಿ ನಡುಗಿತು. "ಹೆದರಿಕೆ ಆಗ್ತಿತ್ತು. ಫೋನ್ ಮಾಡಿ, ಟೈಮಾಗ್ತಿದೆ."

ಅವನು ಗಿಟಾರನ್ನು ಕುರ್ಚಿಗೆ ಒರಗಿಸಿ, ಫೋನು ತೆಗೆದು, ಒತ್ತಿದ. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದ. ಗಡಿಯಾರದ ಮುಳ್ಳು ಒಂದು ಮನೆ ಮುಂದೆ ಹೋಯಿತು. ಮೂರನೆಯ ಸಲಕ್ಕೆ ಸೂಪರ್‌ವೈಸರು ಸಿಕ್ಕರು.

"ಸಾರ್, ನಾನು. ಮೂರನೇ ಮೋಟಾರು ಲಾರಿಯಿಂದ ಇಳ್ಸಿ... ಹೌದು ಸಾರ್, ಸಹಿ ನಂದೇ." ಗೋಡೆಯ ಕಡೆ ತಿರುಗಿದ. "ಆದ್ರೆ ನಾನದನ್ನ ಕೇಳಿಲ್ಲ. ಕಿವಿ ಇಟ್ಟೆ, ಕೇಳಿಲ್ಲ. ನನಗೆ ಕೇಳಲ್ಲ ಸಾರ್. ಬೇರೆ ಯಾರ ಹತ್ರಾನಾದ್ರೂ ಕೇಳ್ಸಿ."

ಫೋನಿನಲ್ಲಿ ದನಿ ಏರಿತು. ಹಿಂದೆ ಯಾವುದೋ ಯಂತ್ರ ಕಿರುಚುತ್ತಿತ್ತು. ಅವನು ಫೋನನ್ನು ಕಿವಿಯಿಂದ ತೆಗೆದು ಅವಳ ಕೈಗಿಟ್ಟ. ಅವಳು ಕೇಳಿಸಿಕೊಂಡಳು. "ಹೂಂ," ಎಂದಳು. "ಆಯ್ತು, ಹೇಳ್ತೀನಿ," ಎಂದಳು.

"ಲಾರಿ ಇನ್ನೂ ಗೇಟ್ ಒಳಗೇ ಇದೆ. ಇಳಿಸ್ತಾರಂತೆ." ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಸೋಮವಾರ ಆಫೀಸಿಗೆ ಬನ್ನಿ ಅಂದ್ರು. ಎರಡು ವರ್ಷದ ಸಹಿ ಎಲ್ಲಾ ತೆಗೆದು ನೋಡ್ಬೇಕಾಗತ್ತಂತೆ."

ಅವನು ತಲೆಯಾಡಿಸಿದ. ಜೇಬಿನ ಪೆನ್ನು ತೆಗೆದು ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

ಅಂಗಡಿಯವನು ಹೊಸ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದ. "ಹತ್ತು ವ್ಯಾಟು ಡ್ರಮ್ ಮುಂದೆ ಇಲಿ, ನಲವತ್ತು ಮನೇಲಿ ಹುಲಿ. ಇದು ಇಪ್ಪತ್ತು. ಸಣ್ಣಗಿಟ್ರೂ ಮುದುಡಲ್ಲ." ಇಬ್ಬರನ್ನೂ ನೋಡಿ ದನಿ ತಗ್ಗಿಸಿದ. "ಏನ್ ಸಾರ್, ಬೇಡ್ವಾ?"

ಗಂಡ ಅವಳ ಮುಖ ನೋಡಲು ಹೋಗಿ, ಅರ್ಧಕ್ಕೇ ಕಣ್ಣು ತಗ್ಗಿಸಿದ. "ನೀನೇ ಹೇಳು. ಈಗ ಬೇಕಾ ಇದೆಲ್ಲ?"

ಅವಳು ಸ್ಟೂಲನ್ನು ಎಳೆದು, ಅವನಿಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಕೂತಳು.

"ನುಡಿಸಿ," ಎಂದಳು. "ಹೇಗಿದೆ ಅಂತ ಬಾಯಲ್ಲೇ ಹೇಳ್ತೀನಿ."

ವಯರು ಸಿಕ್ಕಿಸಿದ ಸದ್ದು. ಸ್ವಿಚ್ಚಿನ ಸದ್ದು. ಅವಳು ತಿರುಗಲಿಲ್ಲ. ಗೋಡೆಯ ತುಂಬ ಮಾರಾಟದ ಗಿಟಾರುಗಳು ಸಾಲಾಗಿ ತೂಗುತ್ತಿದ್ದವು. ಹಿಂದೆ ಅವನು ಒಂದೇ ಒಂದು ತಂತಿ ಮೀಟಿದ. ಅವಳ ಕಣ್ಣೆದುರಿಗಿದ್ದ ಗಿಟಾರಿನ ದಪ್ಪ ತಂತಿ, ಯಾರೂ ಮುಟ್ಟದೆಯೇ, ಸಣ್ಣಗೆ ಅದುರತೊಡಗಿತು.