ಇಂಜಿನ್ ಕೋಣೆಯ ಬಾಗಿಲು

ಡೀಸೆಲ್ ಇನ್ನಷ್ಟು ಬೇಗ ಚಿಮ್ಮಬೇಕೆ, ಇಲ್ಲ ತುಸು ತಡವಾಗಿಯೆ? ಬೇಗ ಬಿಟ್ಟರೆ ಇಂಜಿನ್ ಕಟಕಟ ಹಲ್ಲು ಕಡಿಯುತ್ತದೆ. ತಡ ಮಾಡಿದರೆ ಗ್ಯಾಸು ಅರೆಬರೆ ಸುಟ್ಟು ಹೊಗೆಯ ಜೊತೆ ಹೊರಬೀಳುತ್ತದೆ. ನಿನ್ನೆ ಸರಿಯಿದ್ದದ್ದು ಇಂದೇಕೆ ಕೆಟ್ಟಿತು? ಅಥವಾ ನಿನ್ನೆಯೂ ಸರಿಯಿರಲಿಲ್ಲವೇನೋ.

ಇಂಜಿನ್ ಕೋಣೆಯ ಗಾಜಿನ ಗೋಡೆಯ ಈಚೆ ಕೂತು ಅವನು ಪರದೆಯನ್ನು ದುರುಗುಟ್ಟಿ ನೋಡುತ್ತಿದ್ದ. ಗಾಜಿನಾಚೆ ಅವನ ಇಂಜಿನ್ ಎರಡು ಇಂಧನ ಕುಡಿಯುತ್ತಿತ್ತು. ಹೊಟ್ಟೆ ತುಂಬ ಗ್ಯಾಸು, ಅದಕ್ಕೆ ಕಿಡಿ ಹಚ್ಚಲು ಚಿಟಿಕೆಯಷ್ಟು ಡೀಸೆಲ್. ಆ ಚಿಟಿಕೆಯನ್ನು ಯಾವ ಗಳಿಗೆಯಲ್ಲಿ ಬಿಡಬೇಕೆಂದು ಗೊತ್ತುಮಾಡುವುದೇ ಅವನ ಕೆಲಸ. ನಾಳೆ ತಪಾಸಣೆಯವರು ಬರುವವರಿದ್ದರು. ಸುಡದ ಗ್ಯಾಸು ಮಿತಿ ಮೀರಿದರೆ ಇಂಜಿನ್ ಗುಜರಿಗೆ, ಅದರ ಹಿಂದೆ ಸವೆಸಿದ ವರ್ಷಗಳೂ ಗುಜರಿಗೆ.

ಅಷ್ಟರಲ್ಲಿ ಭಾವ ಬಂದರು. ಅಕ್ಕನ ಗಂಡ, ಈ ವಿಭಾಗಕ್ಕೆ ಹಿರಿಯರು, ಇವನನ್ನು ಇಲ್ಲಿಗೆ ಸೇರಿಸಿದವರೂ ಅವರೇ. ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಾರೆಂದು ಕೆಲಸಗಾರರು ಅವರಿಗೆ ಸ್ಟೆತಸ್ಕೋಪು ಎಂದು ಹೆಸರಿಟ್ಟಿದ್ದರು.

"ಏನಪ್ಪಾ, ಇನ್ನೂ ಮೊಟ್ಟೆಗೆ ಕಾವು ಕೊಡ್ತಾ ಕೂತಿದೀಯಾ?"

"ಮರಿ ಹೊರಗೆ ಬರೋಕೆ ಒಪ್ತಿಲ್ಲ ಭಾವ."

"ಲೆಕ್ಕ ನೋಡ್ತಾ ಕೂತರೆ ಎಲ್ಲಿ ಬರುತ್ತೆ? ಕಿವಿ ಕೊಡಬೇಕು."

ಇಂಜಿನ್ ಕೋಣೆಯ ದಪ್ಪ ಬಾಗಿಲನ್ನು ಹಾರುಹೊಡೆದು, ಹೊಸ್ತಿಲಲ್ಲಿ ನಿಂತು ಕತ್ತು ವಾರೆ ಮಾಡಿದರು. ಹಿಂದೆಲ್ಲ ಗಾಜಿನ ಈಚೆಯಿಂದಲೇ ಕೇಳಿಸಿಕೊಳ್ಳುತ್ತಿದ್ದರು. ಈಚೀಚೆಗೆ ಈ ಅಭ್ಯಾಸ.

ಪರದೆಯ ಮೇಲೆ ಸುಡದ ಗ್ಯಾಸಿನ ಗೆರೆ ಏರತೊಡಗಿತು.

"ಏನಂತೆ ನಿನ್ನ ಪರದೆ?"

"ಏರ್ತಾ ಇದೆ."

"ಡೀಸೆಲ್ ಬೇಗ ಬಿಡು, ಅಷ್ಟೇ."

ಬಿಟ್ಟ. ಗೆರೆ ಇಳಿಯಿತು. ಭಾವ ಬಾಗಿಲು ಮುಚ್ಚಿ ಗೆದ್ದವರ ಹಾಗೆ ಹೊರಟರು. ತುಸು ಹೊತ್ತಿಗೆಲ್ಲ ಇಂಜಿನ್ ಕಟಕಟ ಶುರುಮಾಡಿತು. ಅವನು ಹಣೆ ಚಚ್ಚಿಕೊಂಡ. ವಾರಗಟ್ಟಲೆ ಇದೇ ಹಾಡು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇಂಜಿನ್ನು ಉಸಿರಾಡುವ ಗಾಳಿಯ ಬಿಸಿ ಎಷ್ಟೆಂದು ಅವನು ಆಗ ನೋಡಿದ. ಗಾಳಿ ಗಾಳಿಯೇ ತಾನೆ ಎಂದು ಅದುವರೆಗೆ ಆ ಕಡೆ ಕಣ್ಣೇ ಹಾಯಿಸಿರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಹೊರಗಿನ ತಣ್ಣನೆ ಗಾಳಿ ನುಗ್ಗಿ ಗ್ಯಾಸು ಪೂರಾ ಸುಡುತ್ತಿರಲಿಲ್ಲ. ಮುಚ್ಚಿದರೆ ಕೋಣೆ ಮತ್ತೆ ಕಾದು, ಬೇಗ ಬಿಟ್ಟ ಡೀಸೆಲ್ಲಿಗೆ ಇಂಜಿನ್ ಕಟಕಟ ಅನ್ನುತ್ತಿತ್ತು. ಇಷ್ಟು ದಿನ ಅವನು ಡೀಸೆಲ್ಲಿನ ಹೊತ್ತನ್ನು ಹೊಂದಿಸಿದ್ದು ಇಂಜಿನ್ನಿಗಲ್ಲ, ಭಾವನ ಹೋಗಿಬರುವಿಕೆಗೆ.

ಕೋಪ ನೆತ್ತಿಗೇರಿತು. ಇಂಜಿನ್ ನಿಲ್ಲಿಸಿ ಹೊರಗೆ ಬಂದ. ಭಾವ ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದರು.

"ಭಾವ."

ತಿರುಗಲಿಲ್ಲ.

"ಭಾವಾ."

ಫ್ಯಾನಿನ ಸದ್ದೂ ಇರಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದರು. ಆಮೇಲೆ ಅವನ ತುಟಿಗಳನ್ನೇ ನೋಡತೊಡಗಿದರು.

ಬಾಗಿಲು ಯಾಕೆ ತೆರೀತೀರಿ ಎಂಬ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ಕೇಳಿದರೆ ಅವರು ಉತ್ತರ ಕೊಡಬೇಕಾಗುತ್ತದೆ.

"ಇಂಜಿನ್ನಿಗೆ ಗಾಳೀನ ಹೊರಗಿಂದಲೇ ತಂದು, ಒಂದೇ ಹದಕ್ಕೆ ಬಿಸಿ ಮಾಡಿ ಕೊಡ್ತೀನಿ. ಕೊಳವೆ ಬೇಕು," ಎಂದ, ಗಟ್ಟಿಯಾಗಿ.

"ಕೋಣೆ ತುಂಬ ಗಾಳಿ ಇರೋವಾಗ ಕೊಳವೆ ಯಾಕೋ?"

"ಕೊಡಿಸ್ತೀರೋ ಇಲ್ವೋ?"

"ಕಿರುಚಬೇಡ, ಕೊಡಿಸ್ತೀನಿ. ನಿಮ್ಮಕ್ಕನ ಥರಾನೇ ಆಡ್ತೀಯ."

ಸಂಜೆಯೊಳಗೆ ಕೊಳವೆ ಕೂತಿತು. ಡೀಸೆಲ್ ತುಸು ತಡವಾಗಿ ಚಿಮ್ಮುವಂತೆ ಹೊಂದಿಸಿದ. ಮರುದಿನ ತಪಾಸಣೆಯವರ ಎದುರಿಗೇ ಭಾವ ಬಾಗಿಲು ತೆರೆದು ಕತ್ತು ವಾರೆ ಮಾಡಿದರು. ಗೆರೆ ಅಲುಗಲಿಲ್ಲ. ಇಂಜಿನ್ ಪಾಸಾಯಿತು.

"ಹೊಸ್ತಿಲಲ್ಲಿ ನಿಂತು ಒಂದು ಸಲ ಕೇಳಿದೆ, ಸಾಕಾಯ್ತು," ಎಂದರು ಭಾವ ಅತಿಥಿಗಳಿಗೆ. "ಡೀಸೆಲ್ ತಡವಾಗಿ ಬಿಡೋ ಅಂತ ಬಡ್ಕೊಂಡೆ. ಇವನು ಕೇಳಬೇಕಲ್ಲ."

"ಹೌದಾ?" ಎಂದು ಅವರಲ್ಲೊಬ್ಬರು ಇವನತ್ತ ತಿರುಗಿದರು.

ಅವನು ಹಲ್ಲು ಕಚ್ಚಿ ಹೌದೆಂದು ತಲೆಯಾಡಿಸಿದ.

ಅಂದು ಅಕ್ಕ ಫೋನು ಮಾಡಿದಳು. "ನಿಮ್ಮ ಭಾವ ಮನೇಲಿ ಎಷ್ಟು ಕರೆದರೂ ಓ ಅನ್ನಲ್ಲ ಕಣೋ. ನನ್ನ ಮೇಲೆ ಏನಾದ್ರೂ ಸಿಟ್ಟಾ?"

"ಸಿಟ್ಟೆಲ್ಲ ಇಲ್ಲ ಬಿಡೇ ಅಕ್ಕ. ಎದುರಿಗೆ ನಿಂತು ಮಾತಾಡು."

ಭಾವನಿಗೆ ಕಿವಿ ಮಂದವಾಗಿದೆ ಎಂದು ಅವನು ಅವಳಿಗೆ ಹೇಳಲಿಲ್ಲ, ಭಾವನಿಗೂ ಯಾವತ್ತೂ ಹೇಳಲಿಲ್ಲ.