ಮುಟ್ಟದೆ ನೋಡಿದ ಕಾಲು

"ಕೋಲೂರ್ಕಂಡು ಎತ್ತ ನುಗ್ತ್ಯೋ, ಬೋಳೀಮಗನೆ? ಒಡೇರ ಎದ್ರಿಗೆ ಕೋಲ್ ಹಿಡ್ಕಂಡು ನಿಲ್ಲೂಕೆ ನೀ ಎಂತ ಅಮಲ್ದಾರನ?"

ಅಂಗಳದ ಬೇಲಿಯ ದಣಪೆಯ ಬಾಯಲ್ಲೇ ಗುಮಾಸ್ತ ನಾರಾಯಣ ಹೀಗೆ ಗದರಿದಾಗ ಬೊಮ್ಮಯ್ಯನಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಕೇರಿಯವರು ಒಡೆಯರ ಅಂಗಳಕ್ಕೆ ಬರುವಾಗ ಕೊಡೆ, ಕೋಲು, ಚಪ್ಪಲಿ ಹೊರಗೇ ಬಿಡಬೇಕೆಂಬುದು ಅಜ್ಜನ ಕಾಲದ ಕಟ್ಟಳೆ. ನೋವಿನಲ್ಲಿ ಅದೂ ಮರೆತುಹೋಯಿತಲ್ಲ ಎಂದುಕೊಂಡ.

"ಕೋಲು ಕೊಡಬೇಡಿ, ಬೀಳ್ತ್ರಿ," ಎಂದಳು ಹೆಂಡತಿ ಗಣಪಿ.

"ಸುಮ್ನಿರೆ. ಪರಿಹಾರ ಕೊಡೂ ಮನೆಗೆ ಬಂದು ಸೊಕ್ಕು ಮಾಡೂಕಾತದ?"

ಕೋಲನ್ನು ಅವಳ ಕೈಗಿತ್ತು ಅಂಗಳಕ್ಕಿಳಿದ.

ಯುದ್ಧದ ವರ್ಷ. ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಹೊಳೆಯಲ್ಲಿ ಮರ ತೇಲಿಸುವ ಗುತ್ತಿಗೆ ಮಹಾಗಣಪತಿ ಒಡೆಯರದು. ದಿಮ್ಮಿಯಿಂದ ದಿಮ್ಮಿಗೆ ಹಾರಿ ತೆಪ್ಪ ನಡೆಸುವುದರಲ್ಲಿ ಬೊಮ್ಮಯ್ಯ ಮೀನಿನಂಥವನು. ಕಳೆದ ಮಳೆಗಾಲದ ಕೊನೆಗೆ ತೆಪ್ಪದ ಕಟ್ಟು ಹರಿದು ಎರಡು ದಿಮ್ಮಿಗಳು ಒಟ್ಟಿಗೆ ಬಂದಾಗ ಬಲಪಾದ ನಡುವೆ ಸಿಕ್ಕಿತು. ಅಂದಿನಿಂದ ಕೂಲಿಯಿಲ್ಲ. ಒಡೆಯರು ಆಳುಗಳಿಗೆ ಮುಂಬೈಯ ಕಂಪನಿಯೊಂದರಲ್ಲಿ ವಿಮೆ ಮಾಡಿಸಿದ್ದರು. ಕಾಲು ಊನವಾಗಿದೆಯೆಂದು ಕಂಪನಿಯ ಡಾಕ್ಟರು ಒಪ್ಪಿದರೆ ಮಾತ್ರ ಪರಿಹಾರ. ಆ ಡಾಕ್ಟರು ಇವತ್ತು ಜಗಲಿಯ ಮೇಲೆ ಒಡೆಯರ ಪಕ್ಕ ಆರಾಮಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು.

ಬೊಮ್ಮಯ್ಯ ಹಲ್ಲು ಕಚ್ಚಿ ನಡೆದ. ಪಾದ ನೆಲಕ್ಕೆ ತಾಗಿದಾಗಲೆಲ್ಲ ಕಣ್ಣಿಗೆ ಕತ್ತಲೆ ಬಂತು. ಎಡವಿದರೆ ಮರ್ಯಾದೆಗೇಡು ಎಂದು ಎಡವಲೂ ಇಲ್ಲ. ಮೆಟ್ಟಿಲಿನ ಕೆಳಗೆ ಕೈ ಮುಗಿದು ನಿಂತ.

"ಕೋಲಿಲ್ಲದೆ ಬಂದೆಯಲ್ಲಪ್ಪ?" ಡಾಕ್ಟರು ಕೇಳಿದರು.

"ಹೌದು, ಒಡ್ಯಾ. ಕೋಲು ಹೊರಗೇ ಬಿಟ್ಟೆ," ಎಂದ ಬೊಮ್ಮಯ್ಯ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಡಾಕ್ಟರು ಒಡೆಯರ ಮುಖ ನೋಡಿ ನಕ್ಕರು. "ಆಧಾರವಿಲ್ಲದೆ ನಡೆಯುತ್ತಾನೆ. ಊನ ಎಲ್ಲಿದೆ?"

"ಕಾಲಿನ ಕಟ್ಟು ಬಿಚ್ಚಿ ನೋಡಿ, ಒಡ್ಯಾ. ಒಳ್ಗೆ ಎಲುಬು ಪುಡಿಯಾಯ್ದು."

"ನಡೆದದ್ದನ್ನು ಕಣ್ಣಾರೆ ಕಂಡೆ. ಇವನ ಕಾಲು ಮುಟ್ಟಿ ನೋಡಲು ನನ್ನನ್ನು ಇಲ್ಲಿಗೆ ಕಳಿಸಿಲ್ಲ."

ಆ ಅಂಗಳದಲ್ಲಿ ಕೋಲು ಯಾಕಿಲ್ಲವೆಂದು ಒಡೆಯರಿಗೆ ಗೊತ್ತಿತ್ತು. ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. "ಇವ್ನಿಗೆ ಒಂದ್ಸಲ ಕೊಟ್ರೆ, ನಾಳೆ ಊರಿನ ಕುಂಟ್ರೆಲ್ಲ ನನ್ ಬಾಗ್ಲಿಗೆ ಬತ್ರು. ಸೋಮವಾರ ತೆಪ್ಪಕ್ಕೆ ಬಾರೋ, ಬೊಮ್ಮಾ."

"ಥೂ, ನಿಮ್ ಬಾಯಿಗೆ ಹುಳ ಬೀಳ!" ದಣಪೆಯಾಚೆಯಿಂದ ಗಣಪಿ ಕಿರುಚಿದಳು. "ಕೋಲು ಕಿತ್ಕಂಡದ್ದು ನೀವು, ಕಾಲು ಗಟ್ಟಿ ಅಂಬೂದೂ ನೀವಾ?"

ಬೊಮ್ಮಯ್ಯನಿಗೆ ಆಗ ಹೊಳೆಯಿತು. ತಾನು ನಡೆದುಬಂದ ಅಂಗಳವನ್ನು ಒಮ್ಮೆ ತಿರುಗಿ ನೋಡಿದ. ಮುಗಿದ ಕೈ ಬಿಟ್ಟ. ಒಡೆಯರ ಮೆಟ್ಟಿಲ ಮೇಲೆ, ಕೇರಿಯವರ ನೆರಳೂ ಬೀಳದ ಆ ಕಲ್ಲಿನ ಮೇಲೆ, ಕುಂಡೆಯೂರಿ ಕುಳಿತುಬಿಟ್ಟ.

"ಏಳೋ, ರಂಡೇಮಗನೆ! ಡಾಕ್ಟರ ಮೋಟಾರು ಕಾಯ್ತಿದೆ!" ಗುಮಾಸ್ತ ಅರಚಿದ.

"ಏಳೂಕೆ ಆಗೂದಿಲ್ಲ. ಹಿಡ್ದು ಎಬ್ಸಿ."

ಜಗಲಿಯಿಂದ ಇಳಿಯಲು ಇದ್ದದ್ದು ಆ ಮೆಟ್ಟಿಲ ಸಾಲೊಂದೇ. ಅವನನ್ನು ಮುಟ್ಟಿದವರು ಮಿಂದೇ ಒಳಗೆ ಹೋಗಬೇಕು. ಒಡೆಯರು ಗುಮಾಸ್ತನನ್ನು ನೋಡಿದರು, ಗುಮಾಸ್ತ ತನ್ನ ಜನಿವಾರ ಸರಿಮಾಡಿಕೊಂಡ. ಒಡೆಯರು ಅಂಗಳದಂಚಿನಲ್ಲಿ ಸೌದೆ ಒಟ್ಟುತ್ತಿದ್ದ ಕೇರಿಯ ದುರ್ಗಪ್ಪನಿಗೆ ಕೂಗಿದರು, "ಇವನ್ನ ಎಳ್ದು ಹಾಕೋ!"

ದುರ್ಗಪ್ಪ ಕೈಲಿದ್ದ ಕೊರಡು ಕೆಳಗಿಟ್ಟ. ಅದರ ಮೇಲೇ ಕುಳಿತ. "ನನ್ ಸೊಂಟ ಹಿಡ್ಕಂಡೀದು, ಒಡ್ಯಾ," ಎಂದು ಎಲೆಗೆ ಸುಣ್ಣ ಹಚ್ಚತೊಡಗಿದ.

ಬೊಮ್ಮಯ್ಯ ಕಾಲಿನ ಅರಿವೆ ಬಿಚ್ಚಿದ. ಕೊನೆಯ ಸುತ್ತು ಮಾಂಸಕ್ಕೆ ಅಂಟಿತ್ತು, ಅದನ್ನೂ ಕಿತ್ತ. ಪಾದವನ್ನೆತ್ತಿ ಮೇಲಿನ ಮೆಟ್ಟಿಲಿಗೆ ಇಟ್ಟ. ನೊಣಗಳು ಬಂದು ಕೂತವು. ಕೀವು ಬೆರೆತ ರಕ್ತ ಕಲ್ಲಿನ ಮೇಲೆ ಹರಡಿತು.

ಮೂಗಿಗೆ ಕರವಸ್ತ್ರ ಹಿಡಿದು ಡಾಕ್ಟರು ಹಿಂದೆ ಸರಿದರು. ಗೋಡೆ ಬೆನ್ನಿಗೆ ತಾಗಿತು.

"ಸಮಾ ನೋಡಿ," ಎಂದ ಬೊಮ್ಮಯ್ಯ. "ನಂಗೇನೂ ಅವಸರ ಇಲ್ಲೆ."