ಎಡ ಹುಬ್ಬು

ಐವತ್ನಾಲ್ಕನೇ ವಯಸ್ಸಿನಲ್ಲಿ ಕ್ಷೌರಿಕನಿಗೆ ಎಣ್ಣೆಬಣ್ಣದ ಹುಚ್ಚು ಹಿಡಿಸಿದ್ದು ಅವನ ಹೆಂಡತಿಯೇ. "ಊರವರ ಮುಖವೆಲ್ಲ ನಿಮ್ಮ ಕೈಯಲ್ಲೇ ಇದೆ. ನನ್ನ ಮುಖ ಒಂದು ದಿನವಾದ್ರೂ ಸರಿಯಾಗಿ ನೋಡಿದ್ದೀರಾ?" ಅಂದುಬಿಟ್ಟಳು. ಮಾತು ನಾಟಿತು. ನೋಡಿದ್ದೇನೆ ಅಂತ ಅವಳ ಚಿತ್ರ ಬರೆದು ತೋರಿಸಿಯೇ ತೀರುತ್ತೇನೆ ಎಂದು ಹಟಕ್ಕೆ ಬಿದ್ದ. ಅಂಗಡಿಗೆ ರಜೆಯಿರುವ ದಿನ ಚಿತ್ರ ಕಲಿಸುವ ಟೀಚರಮ್ಮನ ಕ್ಲಾಸಿಗೆ ಸೇರಿಕೊಂಡ.

ಅಯ್ಯೋ, ಆಮೇಲಿನ ಪಾಡು ಯಾರಿಗೂ ಬೇಡ! ಮೊದಲನೇ ಚಿತ್ರದಲ್ಲಿ ನೆರಳು ಬಿದ್ದ ಕಡೆಯೆಲ್ಲ ಕಪ್ಪು ಬಳಿದ; ಹೆಂಡತಿ ಒಲೆ ಊದಿ ಬಂದವಳ ಹಾಗೆ ಕಂಡಳು. "ನೆರಳಲ್ಲೂ ಬಣ್ಣ ಇರುತ್ತೆ, ಕಣ್ಣು ಬಿಟ್ಟು ನೋಡಿ ಸ್ವಾಮಿ" ಅಂದರು ಟೀಚರಮ್ಮ. ಎರಡನೆಯದಕ್ಕೆ ಕಂದು, ಹಸಿರು, ಒಂದಿಷ್ಟು ನೀಲಿ ಬೆರೆಸಿದ. ಚರ್ಮಕ್ಕೆ ಜೀವ ಬಂತು. ಹೆಂಡತಿ ನೋಡಿ, "ಚೆನ್ನಾಗಿದ್ದಾಳೆ. ಯಾರಿವಳು?" ಅಂದಳು. ಮೂರನೆಯದಕ್ಕೂ ಅದೇ ಮಾತು. ಅವತ್ತು ಅವನಿಗೆ ಊಟ ಸೇರಲಿಲ್ಲ.

ನಾಲ್ಕನೆಯದನ್ನು ಮನೆಯಲ್ಲೇ ಶುರುಮಾಡಿದ, ಹೆಂಡತಿಯನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ. ಇನ್ನೇನು ಮುಗಿಯಿತು ಅನ್ನುವಾಗ ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ವಾಲಿಸಿ, ಎರಡೂ ಕಡೆ ಸಮ ಇದೆಯಾ ಅಂತ ನೋಡಿದ. ಕಸುಬಿನ ಅಭ್ಯಾಸ, ಬಿಡಬೇಕಲ್ಲ! ಚಿತ್ರದಲ್ಲಿ ಎಡ ಹುಬ್ಬು ಕೂದಲೆಳೆಯಷ್ಟು ಮೇಲಿತ್ತು. ಇಳಿಸೋಣ ಅಂತ ಬ್ರಷ್ ಎತ್ತಿದವನು ಹಾಗೇ ನಿಂತ. ಕುರ್ಚಿಯಲ್ಲಿ ಕೂತವಳ ಎಡ ಹುಬ್ಬೂ ಮೇಲೇ ಇತ್ತು.

ಹಾಳಾದ ಕೈ! ಮೂವತ್ತು ವರ್ಷ ಊರವರ ಮೀಸೆ, ಕಿವಿಪಕ್ಕದ ಕೂದಲು ಸಮ ಮಾಡಿ ಮಾಡಿ, ಕಟ್ಟಿಕೊಂಡವಳ ಮುಖವನ್ನೂ ಮೂರು ಸಲ ಸಮ ಮಾಡಿ ಕೆಡಿಸಿತ್ತು. ಪುಣ್ಯಕ್ಕೆ ಬಣ್ಣ ಇನ್ನೂ ಹಸಿಯಾಗಿತ್ತು. ನೇರವಾಗಿ ಬರೆದಿದ್ದ ಬಾಯಿಯನ್ನು ಬಟ್ಟೆಯಲ್ಲಿ ಒರೆಸಿ ಹಾಕಿದ. ನಗು ಬಂದರೂ ತಡೆದುಕೊಳ್ಳುವಾಗ ಅವಳ ಬಾಯಿ ಬಲಕ್ಕೆ ಎಳೆಯುತ್ತದೆ, ಹಾಗೇ ಬರೆದ. ಬಲಗಣ್ಣು ಒಂಚೂರು ಸಣ್ಣದು; ಸಣ್ಣದಾಗಿಯೇ ಬಿಟ್ಟ. ಸರಿಮಾಡು, ಸರಿಮಾಡು ಅಂತ ಬೆರಳು ತುರಿಸುತ್ತಿದ್ದರೂ ಬ್ರಷ್ ಕೆಳಗಿಟ್ಟ.

"ಆಯ್ತೇನ್ರೀ? ಸೊಂಟ ಹಿಡ್ಕೊಂಡಿದೆ" ಅನ್ನುತ್ತಾ ಎದ್ದುಬಂದ ಹೆಂಡತಿ ಬಗ್ಗಿ ಚಿತ್ರದ ಬಾಯಿಯನ್ನೇ ನೋಡಿದಳು.

"ನಾನು ನಗು ತಡ್ಕೊಳ್ಳೋದು ನಿಮಗೆ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು ಕಣೇ. ಬರೆಯೋಕೆ ಬರ್ತಿರಲಿಲ್ಲ."

ಅವಳ ಕಣ್ಣು ತುಂಬಿತು. ಬಾಯಿ ಬಲಕ್ಕೆ ಎಳೆಯಿತು, ಆದರೆ ಈ ಸಲ ತಡೆಯಲಾಗದೆ ನಕ್ಕೇಬಿಟ್ಟಳು. "ನಾನೇ ಕಣ್ರೀ! ಥೇಟ್ ನಾನೇ!" ಎಂದವಳು ಬಾಗಿಲಿಗೆ ಓಡಿ ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದಳು.

"ದೂರ ನಿಂತ್ಕೊಳ್ಳಿ, ಇನ್ನೂ ಹಸಿ ಇದೆ!" ಅಂತ ಎಲ್ಲರನ್ನೂ ಗದರಿದಳು. "ನಮ್ಮ ಯಜಮಾನ್ರು ಬರೆದದ್ದು. ನನ್ನನ್ನ ನೋಡಿ ಬರೆದದ್ದು!"